ಸೆಕೆಂಡ್ ಹ್ಯಾಂಡ್ ಕಾರಿಗೊಂದು ವಿಜ್ಞಾನ ಪರೀಕ್ಷೆ



ಗಲ್ಫಿನಿಂದ ರಜೆಗೆ ಬಂದ ನಿಮ್ಮ ಮಾವ ಒಂದು ಹಳೆಯ ಕಾರು ಕೊಳ್ಳುವ ಆಲೋಚನೆಯಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಅದು ಸಾದಾ ಕಾರಲ್ಲ. ತಗ್ಗಾಗಿ, ಉದ್ದವಾಗಿ, ಆಕ್ಸಿಲರೇಟರ್ ಒತ್ತಿದ ಕೂಡಲೇ ನುಗ್ಗುವ ಮಧ್ಯಮ ಗಾತ್ರದ ಸೆಡಾನ್. ಹೋಂಡಾ ಸಿಟಿ, ಹ್ಯುಂಡೈ ವೆರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಮುಂತಾದ ಹೆಸರುಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತುಂಟು. ಮಾರುವವರು, "ಒಬ್ಬರೇ ಓಡಿಸಿದ್ದು, ಬರೇ ನಲುವತ್ತು ಸಾವಿರ ಕಿಲೋಮೀಟರ್, ಎಲ್ಲಿಯೂ ತಾಗಿಲ್ಲ" ಅಂತ ಹೇಳ್ತಾರೆ. ಮಾವನ ಮನಸ್ಸು ಆಗಲೇ ಕಾರಿನೊಳಗೆ ಕೂತಾಗಿದೆ.

ವರ್ಷಗಟ್ಟಲೆ ದುಡಿದ ಹಣ ಕೈಬಿಡುವ ಮೊದಲು ನೀವು ಸಹಾಯ ಮಾಡಬಹುದು. ವಿಜ್ಞಾನದಲ್ಲಿ ಹೇಳಿಕೆಯನ್ನು ನಂಬುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ, ಅಳೆದು ನೋಡುತ್ತೇವೆ. ಒಂದು ಸ್ಕೇಲು, ಟೇಪು, ಸಣ್ಣ ಅಯಸ್ಕಾಂತ, ಟಾರ್ಚು, ನೋಟ್‌ಬುಕ್ ತೆಗೆದುಕೊಳ್ಳಿ. ಹಿರಿಯರ ಜೊತೆಗೇ ಹೋಗಿ.

1. ಮೀಟರು ಎಣಿಸುವುದು ಸುತ್ತುಗಳನ್ನು

ಟೈರಿನ ಬದಿಯಲ್ಲಿ 195/55 R16 ಎಂಬಂತೆ ಬರೆದಿರುತ್ತದೆ. ಟೈರಿನ ಅಗಲ 195 ಮಿ.ಮೀ.; ಬದಿಯ ಎತ್ತರ ಅದರ 55 ಶೇಕಡಾ, ಅಂದರೆ ಸುಮಾರು 107 ಮಿ.ಮೀ.; ರಿಮ್ಮಿನ ವ್ಯಾಸ 16 ಇಂಚು, ಅಂದರೆ 406 ಮಿ.ಮೀ. ಹಾಗಾದರೆ ಇಡೀ ಚಕ್ರದ ವ್ಯಾಸ 406 + 107 + 107 = 620 ಮಿ.ಮೀ. ಇದನ್ನು π ಯಿಂದ ಗುಣಿಸಿದರೆ ಸುತ್ತಳತೆ ಸುಮಾರು 1.95 ಮೀಟರ್. ಒಂದು ಕಿಲೋಮೀಟರಿಗೆ ಚಕ್ರ ಸುಮಾರು 513 ಸುತ್ತು ತಿರುಗಬೇಕು. ನಲುವತ್ತು ಸಾವಿರ ಕಿಲೋಮೀಟರಿಗೆ ಎರಡು ಕೋಟಿ ಸುತ್ತು!

ಈ ಸುತ್ತುಗಳನ್ನು ಸೆನ್ಸರ್ ಎಣಿಸುತ್ತದೆ, ಒಂದು ಚಿಪ್ಪು ನೆನಪಿಡುತ್ತದೆ. ಚಿಪ್ಪಿನ ನೆನಪನ್ನು ಬದಲಾಯಿಸುವವರೂ ಇದ್ದಾರೆ. ಆದರೆ ಸವೆದ ವಸ್ತುಗಳ ನೆನಪನ್ನು ಬದಲಾಯಿಸುವುದು ಅಷ್ಟು ಸುಲಭ ಅಲ್ಲ. ಬ್ರೇಕ್ ಪೆಡಲಿನ ರಬ್ಬರು ನುಣ್ಣಗಾಗಿದೆಯೇ? ಸ್ಟಿಯರಿಂಗ್ ಹೊಳೆಯುತ್ತದೆಯೇ? ಚಾಲಕನ ಸೀಟಿನ ಅಂಚು ಕುಸಿದಿದೆಯೇ? ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಒಂದು ಸಂಖ್ಯೆಯೂ ಇರುತ್ತದೆ. 2319 ಎಂದಿದ್ದರೆ ಆ ಟೈರು 2019ರ 23ನೇ ವಾರದಲ್ಲಿ ತಯಾರಾದದ್ದು. ಕಾರಿಗಿಂತ ಟೈರು ಬಹಳ ಹೊಸತಾಗಿದ್ದರೆ, "ಇಷ್ಟು ಕಡಿಮೆ ಓಡಿದ ಕಾರಿಗೆ ಟೈರು ಯಾಕೆ ಬದಲಾಯಿಸಿದ್ದು?" ಎಂದು ವಿನಯದಿಂದಲೇ ಕೇಳಿ. ಸರ್ವಿಸ್ ಬಿಲ್ಲುಗಳಲ್ಲಿ ಬರೆದ ಕಿಲೋಮೀಟರುಗಳನ್ನು ತಾರೀಕಿನ ಕ್ರಮದಲ್ಲಿ ಒಂದು ಗ್ರಾಫ್ ಮಾಡಿ. ಗೆರೆ ಮೇಲಕ್ಕೇ ಹೋಗಬೇಕು. ನಡುವೆ ಕೆಳಗಿಳಿದರೆ ಅಲ್ಲಿಗೇ ವ್ಯಾಪಾರ ನಿಲ್ಲಿಸಬಹುದು.

2. ಅಯಸ್ಕಾಂತಕ್ಕೆ ಬಣ್ಣ ಕಾಣುವುದಿಲ್ಲ

ಅಪಘಾತದಲ್ಲಿ ತಗ್ಗಿದ ಬಾಗಿಲಿಗೆ ಟಿಂಕರಿಂಗ್ ಮಾಡಿ, ಪುಟ್ಟಿ ತುಂಬಿ, ಬಣ್ಣ ಹೊಡೆದರೆ ಕಣ್ಣಿಗೆ ತಿಳಿಯದು. ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲಿಗೆ ಹಿಡಿಯಿರಿ. ಉಕ್ಕಿನ ತಗಡಿಗೂ ಅಯಸ್ಕಾಂತಕ್ಕೂ ನಡುವಿನ ಅಂತರ ಹೆಚ್ಚಿದಂತೆ ಆಕರ್ಷಣೆ ಬೇಗ ಕುಗ್ಗುತ್ತದೆ. ಪುಟ್ಟಿ ದಪ್ಪವಿದ್ದಲ್ಲಿ ಅದು ಹಿಡಿಯದೆ ಜಾರುತ್ತದೆ. ಎಡಬಾಗಿಲಿನ ಒಂದು ಜಾಗ ನೋಡಿದರೆ ಬಲಬಾಗಿಲಿನ ಅದೇ ಜಾಗವನ್ನೂ ನೋಡಿ. ಹೋಲಿಕೆ ಇಲ್ಲದೆ ಪ್ರಯೋಗ ಇಲ್ಲ. ಬಂಪರು ಪ್ಲಾಸ್ಟಿಕ್ಕಿನದ್ದು, ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

3. ಕಡಲ ಗಾಳಿ, ಮಳೆನೀರು

ಮಂಜೇಶ್ವರ, ಕುಂಬಳೆ, ಕಾಸರಗೋಡಿನಲ್ಲಿ ಕಬ್ಬಿಣದ ಗೇಟಿಗೆ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂದು ನೀವು ನೋಡಿದ್ದೀರಿ. ಕಬ್ಬಿಣ, ನೀರು, ಆಮ್ಲಜನಕ ಸೇರಿದರೆ ತುಕ್ಕು. ನೀರಿನಲ್ಲಿ ಉಪ್ಪು ಕರಗಿದ್ದರೆ ಅಯಾನುಗಳು ಸುಲಭವಾಗಿ ಸಂಚರಿಸಿ ಆ ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಬಾಗಿಲುಗಳ ಕೆಳ ಅಂಚು, ಕಾರಿನ ಅಡಿಭಾಗಗಳನ್ನು ಟಾರ್ಚು ಹಾಕಿ ನೋಡಿ. ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ಇಡುವ ಗುಂಡಿಯನ್ನೂ ನೋಡಿ.

2018ರ ಆಗಸ್ಟಿನ ನೆರೆಯಲ್ಲಿ ಕೇರಳದಲ್ಲಿ ಬಹಳ ಕಾರುಗಳು ಮುಳುಗಿದ್ದವು. ಮುಳುಗಿದ ಕಾರನ್ನು ತೊಳೆದು ಮಾರಿದರೆ ವೈರುಗಳ ಜೋಡಣೆ ಒಳಗಿಂದೊಳಗೇ ತುಕ್ಕು ಹಿಡಿದು ತಿಂಗಳುಗಳ ನಂತರ ಕೈಕೊಡುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಕೊನೆಯ ತುದಿಯಲ್ಲಿ ಕೆಸರಿನ ಕಲೆ ಇದ್ದರೆ, ಸೀಟಿನ ಅಡಿಯ ಹಳಿಗಳಲ್ಲಿ ತುಕ್ಕು ಇದ್ದರೆ, ನೀರು ಅಲ್ಲಿಯವರೆಗೆ ಬಂದಿತ್ತು ಎಂದು ಸಂಶಯಪಡಬೇಕು.

4. ನುಗ್ಗುವ ಬಲ ಎಲ್ಲಿಂದ?

2023ರ ವೆರ್ನಾದಲ್ಲಿ 1.5 ಲೀಟರಿನ ಎರಡು ಪೆಟ್ರೋಲ್ ಎಂಜಿನುಗಳಿದ್ದವು. ಒಂದರ ಗರಿಷ್ಠ ತಿರುಗುಬಲ 144 ನ್ಯೂಟನ್ ಮೀಟರ್, ಇನ್ನೊಂದರದ್ದು 253. ಗಾತ್ರ ಒಂದೇ ಆದರೂ ಇಷ್ಟು ವ್ಯತ್ಯಾಸ ಯಾಕೆ? ಎರಡನೆಯದರಲ್ಲಿ ಟರ್ಬೊ ಉಂಟು. ಹೊರಹೋಗುವ ಬಿಸಿ ಹೊಗೆ ಒಂದು ಪುಟ್ಟ ಗಾಲಿಯನ್ನು ತಿರುಗಿಸುತ್ತದೆ. ಅದು ಇನ್ನೊಂದು ಗಾಲಿಯನ್ನು ತಿರುಗಿಸಿ ಎಂಜಿನಿನೊಳಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಇಂಧನ ಉರಿಸಬಹುದು.

ಆ ಗಾಲಿ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅದನ್ನು ಕಾಪಾಡುವುದು ಎಂಜಿನ್ ಆಯಿಲಿನ ತೆಳು ಪದರ. ಆಯಿಲು ಸಮಯಕ್ಕೆ ಬದಲಾಯಿಸದ ಟರ್ಬೊ ಕಾರು ಹೊರಗಿನಿಂದ ಎಷ್ಟು ಚಂದ ಕಂಡರೂ ಬೇಡ.

ಕಾರು ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ. ನೀವು ತಲಪುವಾಗಲೇ ಬಾನೆಟ್ ಬಿಸಿಯಾಗಿದ್ದರೆ ಮೊದಲೇ ಯಾಕೆ ಚಾಲೂ ಮಾಡಿದರು ಎಂದು ಯೋಚಿಸಿ. ಚಾಲೂ ಮಾಡಿಸಿ ಸೈಲೆನ್ಸರಿನ ಹೊಗೆ ನೋಡಿ. ನೀಲಿಯಾದರೆ ಆಯಿಲು ಉರಿಯುತ್ತಿದೆ. ಕಪ್ಪಾದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಆರಂಭದ ತೆಳು ಬಿಳಿ ಹಬೆಗೆ ಹೆದರಬೇಡಿ. ಪೆಟ್ರೋಲಿನ ಹೈಡ್ರೋಜನ್ ಉರಿದಾಗ ನೀರೇ ಆಗುವುದು. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಮಾತ್ರ ತಂಪುಗೊಳಿಸುವ ದ್ರವ ಎಂಜಿನಿನೊಳಗೆ ಸೋರುತ್ತಿರಬಹುದು.

5. ಮನೆಯ ದಾರಿಗೆ ಆಗ್ತದಾ?

ಅದೇ ವೆರ್ನಾದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2670 ಮಿ.ಮೀ.; ನೆಲದಿಂದ ಎತ್ತರ 165 ಮಿ.ಮೀ. ಚಕ್ರಗಳ ನಡುವಿನ ಅರ್ಧ ದೂರ 1335. ಈಗ tan θ = 165 ÷ 1335, ಸುಮಾರು 0.124. ಹಾಗಾದರೆ θ ಸುಮಾರು 7 ಡಿಗ್ರಿ. ಎರಡೂ ಕಡೆ ಸೇರಿ 14 ಡಿಗ್ರಿ. ದಿಣ್ಣೆಯ ಎರಡು ಇಳಿಜಾರುಗಳು ಸೇರಿ ಇದಕ್ಕಿಂತ ಹೆಚ್ಚು ತಿರುವು ಇದ್ದರೆ ಕಾರಿನ ಹೊಟ್ಟೆ ನೆಲಕ್ಕೆ ಒರೆಸುತ್ತದೆ. ಐದು ಜನ ಕೂತರೆ ಸ್ಪ್ರಿಂಗು ತಗ್ಗಿ ಈ ಕೋನ ಇನ್ನೂ ಕಿರಿದಾಗುತ್ತದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಗುಡ್ಡದ ಮನೆಗಳಿಗೆ ಹೋಗುವ ಮುರಕಲ್ಲಿನ ದಾರಿಯನ್ನು ಕೋನಮಾಪಕ ಹಿಡಿದು ಅಳೆದ ಮೇಲೆಯೇ ಮುಂಗಡ ಕೊಡುವುದು ಒಳ್ಳೆಯದು.

6. ಇಳಿದದ್ದು ಕಾರಿನ ಬೆಲೆ ಮಾತ್ರ

ಲೆಕ್ಕಕ್ಕಾಗಿ, 12 ಲಕ್ಷದ ಕಾರಿನ ಬೆಲೆ ವರ್ಷಕ್ಕೆ ಶೇಕಡಾ 15ರಂತೆ ಇಳಿಯುತ್ತದೆ ಎನ್ನೋಣ. ಆರು ವರ್ಷಕ್ಕೆ 12 ಲಕ್ಷವನ್ನು 0.85ರಿಂದ ಆರು ಸಲ ಗುಣಿಸಬೇಕು. ಸುಮಾರು ನಾಲ್ಕೂವರೆ ಲಕ್ಷ ಸಿಗುತ್ತದೆ. ಮಾವನಿಗೆ ಅದು ಅಗ್ಗ ಅಂತ ಕಾಣ್ತದೆ. ಆದರೆ ಅದರ ಟೈರು, ಕ್ಲಚ್ಚು, ಬ್ರೇಕು, ಟರ್ಬೊಗಳ ಬೆಲೆ ಹಾಗೆ ಇಳಿದಿಲ್ಲ. ನಾಲ್ಕೂವರೆ ಲಕ್ಷಕ್ಕೆ ಕೊಂಡರೂ ಸಾಕಬೇಕಾದದ್ದು ಹನ್ನೆರಡು ಲಕ್ಷದ ಕಾರನ್ನೇ. ಲೀಟರಿಗೆ 12 ಕಿ.ಮೀ. ಕೊಡುವ ಕಾರಿಗೆ ತಿಂಗಳ 1000 ಕಿ.ಮೀ.ಗೆ 83 ಲೀಟರ್ ಬೇಕು, 18 ಕಿ.ಮೀ. ಕೊಡುವುದಕ್ಕೆ 56 ಲೀಟರ್ ಸಾಕು. ಇಂದಿನ ಪೆಟ್ರೋಲ್ ಬೆಲೆ ಹಾಕಿ ವ್ಯತ್ಯಾಸ ಕಂಡುಹಿಡಿಯಿರಿ.

7. ಕಾಗದಪತ್ರ

ನಮ್ಮಲ್ಲಿ ಕೆ.ಎಲ್. 14 ಕಾರು ಎಷ್ಟೋ ಅಷ್ಟೇ ಸಹಜವಾಗಿ ಕೆ.ಎ. 19 ಮಂಗಳೂರಿನ ಕಾರೂ ಮಾರಾಟಕ್ಕೆ ಬರುತ್ತದೆ. ತಲಪಾಡಿ ದಾಟಿ ಬಂದ ಕಾರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳಬೇಕಾದರೆ ಕೇರಳದ ನೋಂದಣಿ ಆಗಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಅದಕ್ಕೆ ಅಲ್ಲಿನ ಆರ್.ಟಿ.ಒ. ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ದಾಖಲೆ ಕೇಳಬೇಕು. 17 ಅಕ್ಷರ, ಅಂಕಿಗಳ ಚಾಸಿಸ್ ನಂಬರನ್ನು ಕಾರಿನಲ್ಲೂ ಆರ್.ಸಿ.ಯಲ್ಲೂ ಒಂದೊಂದಾಗಿ ತಾಳೆ ನೋಡಿ. ವಿಮೆಯನ್ನು ಹೊಸ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು.

8. ಕೊಂಡ ಮೇಲೆ

ಎಲ್ಲ ಪರೀಕ್ಷೆಯಲ್ಲೂ ಕಾರು ಪಾಸಾಯಿತು ಎನ್ನೋಣ. ಇನ್ನು ಪಾಸಾಗಬೇಕಾದದ್ದು ಓಡಿಸುವವರು. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಪಟ್ಟು. ಒದ್ದೆ ರಸ್ತೆಯ ಘರ್ಷಣಾಂಕ 0.4 ಎಂದಿಟ್ಟರೆ, ಗಂಟೆಗೆ 50 ಕಿ.ಮೀ. ವೇಗದ ಕಾರು ಬ್ರೇಕ್ ಹಿಡಿದ ಮೇಲೆ ಸುಮಾರು 25 ಮೀಟರಿನಲ್ಲಿ ನಿಲ್ಲುತ್ತದೆ. 100 ಕಿ.ಮೀ. ವೇಗದಲ್ಲಿ ಸುಮಾರು 98 ಮೀಟರ್ ಬೇಕು. ಬ್ರೇಕಿನ ಮೇಲೆ ಕಾಲಿಡುವ ಒಂದು ಸೆಕೆಂಡಿನಲ್ಲೇ ಇನ್ನೂ 28 ಮೀಟರ್ ಹೋಗಿರುತ್ತದೆ. ಹೆದ್ದಾರಿ 66 ಎಷ್ಟು ಅಗಲವಾದರೂ ಈ ಲೆಕ್ಕ ಬದಲಾಗದು. ಟೈರಿನ ಗೆರೆಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ನೀರು ಹೊರಹೋಗಲು ದಾರಿ ಸಾಲದೆ ಚಕ್ರ ನೀರಿನ ಮೇಲೆ ತೇಲಿಬಿಡಬಹುದು. ಸ್ಕೇಲು ತಂದದ್ದು ಇದನ್ನು ಅಳೆಯಲಿಕ್ಕೂ ಹೌದು.

"ಅಂಗಳದಿಂದ ರಸ್ತೆವರೆಗೆ ಒಮ್ಮೆ ಓಡಿಸ್ತಿಯಾ?" ಅಂತ ಮಾವ ಪ್ರೀತಿಯಿಂದ ಕೇಳಿಯಾರು. ಬೇಡ ಎನ್ನಿ. ಹದಿನೆಂಟು ತುಂಬದವರು ರಸ್ತೆಯಲ್ಲಿ ಕಾರು ಓಡಿಸಿ ಕಾನೂನು ಮೀರಿದರೆ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಮಾವ ಮುಂದಿನ ರಜೆಗೆ ಬರುವುದರೊಳಗೆ ನೀವು ಟೈರು, ಆಯಿಲು, ತುಕ್ಕುಗಳ ಲೆಕ್ಕ ಬರೆದಿಡಿ. ಅಷ್ಟು ಮಾಡಿದರೆ ಆ ಕಾರಿನಲ್ಲಿ ನಿಮಗೂ ಒಂದು ಪಾಲು ಉಂಟು.

ಮಾಡಿ ನೋಡಿ

1. ನಿಮ್ಮ ಹತ್ತಿರದ ಯಾವುದಾದರೂ ಕಾರಿನ ಟೈರಿನ ಬರಹ ಓದಿ ಚಕ್ರದ ಸುತ್ತಳತೆ ಲೆಕ್ಕ ಹಾಕಿ. ನಂತರ ನೂಲು ಸುತ್ತಿ ಅಳೆದು ಹೋಲಿಸಿ.
2. ನಾಲ್ಕು ಲೋಟಗಳಲ್ಲಿ ಒಂದೊಂದು ಕಬ್ಬಿಣದ ಮೊಳೆ ಇಡಿ: ಒಣಗಿದ್ದು, ಬಾವಿನೀರು, ಉಪ್ಪುನೀರು, ಎಣ್ಣೆ. ಒಂದು ವಾರ ದಿನವೂ ನೋಡಿ ಬರೆಯಿರಿ.
3. ನೆಲದಿಂದ ಎತ್ತರ 190 ಮಿ.ಮೀ., ಚಕ್ರಗಳ ನಡುವಿನ ದೂರ 2400 ಮಿ.ಮೀ. ಇರುವ ಕಾರು ಎಷ್ಟು ಡಿಗ್ರಿಯ ದಿಣ್ಣೆ ದಾಟಬಹುದು?