ಬಸಿರಿನ ದಿನಗಳಲ್ಲಿ ಗಂಡ-ಹೆಂಡಿರಿಗೆ ನರ್ಸಮ್ಮನ ಕಿವಿಮಾತು

ಕಳಸ, ಮೂಡಿಗೆರೆ ಕಡೆಯ ತೋಟಗಳಲ್ಲಿ ಲೈನ್ ಮನೆಯಿಂದ ಲೈನ್ ಮನೆಗೆ ನಡೆದು ಬಸುರಿಯರನ್ನು ನೋಡಿಕೊಂಡವಳು ನಾನು. ಕಬ್ಬಿಣದ ಮಾತ್ರೆ, ಇಂಜೆಕ್ಷನ್, ತೂಕ, ಬಿ.ಪಿ. ಎಲ್ಲವನ್ನೂ ಜೋರಾಗಿಯೇ ಕೇಳುತ್ತಿದ್ದರು. ಇದೊಂದನ್ನು ಮಾತ್ರ ಕೇಳುತ್ತಿದ್ದದ್ದು ಕಡೆಗೆ, ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ: "ನರ್ಸಮ್ಮಾ, ಇವರು ಕೇಳ್ತಾರೆ. ಆಗುತ್ತಾ?" ಗಂಡ ಅಷ್ಟರಲ್ಲಿ ಅಂಗಳ ದಾಟಿ, ಕಾಫಿ ಗಿಡದ ಪಕ್ಕ ನಿಂತು ಮೊಬೈಲು ನೋಡುತ್ತಿರುತ್ತಿದ್ದ. ಇದು ಇಬ್ಬರಿಗೂ ಹೇಳುವ ಮಾತು. ತಮ್ಮಾ, ನೀನೂ ಒಳಗೆ ಬಾ.

• ಆಗುತ್ತೆ. ಬಸಿರು ಸರಿಯಾಗಿ ಸಾಗುತ್ತಿದ್ದು, ಡಾಕ್ಟರು ಬೇಡ ಅಂದಿಲ್ಲದಿದ್ದರೆ, ಇಬ್ಬರಿಗೂ ಮನಸ್ಸಿದ್ದರೆ, ಹೆರಿಗೆ ಹತ್ತಿರ ಬರುವವರೆಗೂ ಸೇರಬಹುದು. ಮಗುವಿಗೆ ಎಲ್ಲಿ ತಾಗುತ್ತೋ ಅನ್ನುವ ಹೆದರಿಕೆ ಹೆಂಗಸರಿಗಿಂತ ಗಂಡಸರಿಗೇ ಜಾಸ್ತಿ. ಮಗು ಇರುವುದು ನೀರು ತುಂಬಿದ ಚೀಲದೊಳಗೆ, ಚೀಲದ ಸುತ್ತ ದಪ್ಪ ಸ್ನಾಯುವಿನ ಗರ್ಭಕೋಶ, ಅದರ ಬಾಯಿಗೆ ಗಟ್ಟಿ ಲೋಳೆಯ ಬಿರಡೆ. ಅಲ್ಲಿಗೆ ಏನೂ ತಾಗುವುದಿಲ್ಲ.

• ಮೊದಲ ಮೂರು ತಿಂಗಳಲ್ಲಿ ಬಸಿರು ಇಳಿದುಹೋದರೆ "ಆವತ್ತು ಕೂಡಿದ್ದಕ್ಕೇ ಹೀಗಾಯ್ತು" ಅಂತ ಹೆಂಡತಿಯ ಮೇಲೋ ಗಂಡನ ಮೇಲೋ ಗೂಬೆ ಕೂರಿಸುವವರು ಎಲ್ಲ ಊರಲ್ಲೂ ಇದ್ದಾರೆ. ಆರಂಭದಲ್ಲಿ ಇಳಿಯುವ ಬಸಿರುಗಳಲ್ಲಿ ಅರ್ಧಕ್ಕೂ ಹೆಚ್ಚಿನವಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲೇ ಆದ ಏರುಪೇರು. ಅದಕ್ಕೂ ಹಾಸಿಗೆಗೂ ಸಂಬಂಧವಿಲ್ಲ.

• ಇಷ್ಟು ಜನ ಮಾತ್ರ ಡಾಕ್ಟರನ್ನು ಕೇಳದೆ ಮುಂದುವರಿಯಬೇಡಿ: ರಕ್ತ ಹೋಗುತ್ತಿರುವವರು, ನೀರು ಹೋಗುತ್ತಿರುವವರು, ಹಿಂದಿನ ಹೆರಿಗೆ ದಿನ ತುಂಬುವ ಮೊದಲೇ ಆದವರು, ಗರ್ಭಕೋಶದ ಬಾಯಿ ಗಿಡ್ಡವಾಗಿದೆ ಅಂತ ಹೇಳಿಸಿಕೊಂಡವರು ಅಥವಾ ಅಲ್ಲಿಗೆ ಹೊಲಿಗೆ ಹಾಕಿಸಿಕೊಂಡವರು, ಅವಳಿ-ಜವಳಿ ಇರುವವರು. ಸ್ಕ್ಯಾನಿಂಗಿನಲ್ಲಿ "ಮಾಸು ಕೆಳಗಿದೆ" ಅಂದವರು ಇನ್ನೂ ಎಚ್ಚರವಾಗಿರಬೇಕು. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದರೆ ಕೂಡುವುದು ಪೂರ್ತಿ ನಿಲ್ಲಬೇಕು. ಆದರೆ ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಕೆಳಗೆ ಕಂಡದ್ದು ಗರ್ಭಕೋಶ ಬೆಳೆದಂತೆ ಎಷ್ಟೋ ಜನರಿಗೆ ಮೇಲೆ ಸರಿಯುತ್ತೆ. ಎಂಟನೇ ತಿಂಗಳಲ್ಲಿ ಇನ್ನೊಮ್ಮೆ ತೋರಿಸಿ ಕೇಳಿ. "ದೂರ ಇರಿ" ಅಂತ ಡಾಕ್ಟರು ಅವಸರದಲ್ಲಿ ಹೇಳಿ ಕಳಿಸಿದರೆ ಬಾಗಿಲಲ್ಲೇ ನಿಂತು ಕೇಳಿ: ಯಾಕೆ, ಎಷ್ಟು ದಿನ, ಯಾವುದರಿಂದ ದೂರ? ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತೆ, 2016ರಿಂದ ನಡೆದುಬಂದಿದೆ. ಕೇಳುವುದಕ್ಕೆ ಅದೇ ಒಳ್ಳೆ ದಿನ, ಗಂಡನೂ ಜೊತೆಗೆ ಹೋಗಲಿ.

• ತಂಗಿ, ಬೇಡ ಅನ್ನಿಸಿದರೆ ಬೇಡ ಅನ್ನು. ಮೊದಲ ತಿಂಗಳುಗಳಲ್ಲಿ ವಾಂತಿ, ಸುಸ್ತು, ಒಲೆ ಹೊಗೆ ಕಂಡರೂ ಹೇವರಿಕೆ. ನಾಲ್ಕು, ಐದು, ಆರನೇ ತಿಂಗಳಲ್ಲಿ ಹಲವರಿಗೆ ಮೈ ಹಗುರಾಗಿ ಆಸೆ ಮರಳುತ್ತೆ, ಕೆಲವರಿಗೆ ಮೊದಲಿಗಿಂತ ಜಾಸ್ತಿಯೇ. ಕಡೆಯ ತಿಂಗಳುಗಳಲ್ಲಿ ಮತ್ತೆ ಇಳಿಯುತ್ತೆ. ಆಸೆ ಬಂತು ಅಂತ ನಾಚಬೇಕಿಲ್ಲ, ಬರಲಿಲ್ಲ ಅಂತ ಅಳಬೇಕಿಲ್ಲ. ತಮ್ಮಾ, ನಿನಗೆ ಒಂದೇ ಮಾತು. ಅವಳ "ಬೇಡ"ಕ್ಕೆ ಕಾರಣ ಕೇಳಿಕೊಂಡು ಕೂರಬೇಡ. ಕುಡಿದು ಬಂದ ರಾತ್ರಿಯಂತೂ ಅವಳ ಹತ್ತಿರ ಸುಳಿಯಲೇಬೇಡ. ಬಲವಂತ ಮಾಡಿದ ಗಂಡನ ಬಗ್ಗೆ ನನಗೆ ಯಾವ ಕಾಲದಲ್ಲೂ ಮರುಕ ಬಂದಿಲ್ಲ. ಅಂಥ ಮನೆಯ ಹೆಣ್ಣುಮಗಳು 181ಕ್ಕೆ ಫೋನ್ ಮಾಡಬಹುದು.

• ಐದು ತಿಂಗಳು ದಾಟಿದ ಮೇಲೆ ಹೆಂಡತಿ ಬಹಳ ಹೊತ್ತು ಅಂಗಾತ ಮಲಗುವುದು ಒಳ್ಳೆಯದಲ್ಲ. ಹೊಟ್ಟೆಯ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತು ಬರುತ್ತೆ. ಇಬ್ಬರೂ ಮಗ್ಗುಲಾಗಿ ಮಲಗಿ, ಗಂಡ ಬೆನ್ನ ಹಿಂದಿದ್ದರೆ ಹೊಟ್ಟೆಗೆ ಭಾರ ಬೀಳುವುದಿಲ್ಲ. ಅವಳು ಮೇಲಿದ್ದರೂ ಸರಿ, ಎಷ್ಟು ಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಆಗ ಅವಳ ಕೈಯಲ್ಲಿರುತ್ತೆ. ಮಳೆಗಾಲದ ಕಂಬಳಿಯನ್ನು ಸುರುಳಿ ಸುತ್ತಿ ಹೊಟ್ಟೆಯ ಕೆಳಗೊಂದು, ಮೊಣಕಾಲ ನಡುವೆ ಒಂದು ಇಟ್ಟುಕೊಂಡರೆ ಅಂಗಡಿಯ ದಿಂಬು ಬೇಕಿಲ್ಲ. ಆಮೇಲೆ ಎದ್ದು ಮೂತ್ರ ಮಾಡಿ ನೀರು ಕುಡಿಯಬೇಕು. ಬಸುರಿಯರಿಗೆ ಉರಿಮೂತ್ರ ಬೇಗ ಅಂಟುತ್ತೆ. ಇನ್ನೊಂದು, ಯೋನಿಯೊಳಗೆ ಬಾಯಿಂದ ಗಾಳಿ ಊದಬಾರದು. ಅಪರೂಪವಾದರೂ ಗಾಳಿ ರಕ್ತಕ್ಕೆ ಸೇರಿ ಜೀವಕ್ಕೇ ಸಂಚಕಾರ.

• ಕೂಡುವುದೊಂದೇ ಪ್ರೀತಿಯಲ್ಲ. ಹಣ್ಣು ಕೊಯ್ಲಿನ ದಿನಗಳಲ್ಲಿ ಕಣ ಕಾದು, ಪಲ್ಪರ್ ಓಡಿಸಿ ಬಂದವನಿಗೂ ಜೀವ ಇರುವುದಿಲ್ಲ, ದಿನವಿಡೀ ನಿಂತವಳಿಗೂ ಇರುವುದಿಲ್ಲ. ಬಚ್ಚಲ ಹಂಡೆಯಲ್ಲಿ ನೀರು ಕಾಯಿಸಿ ಅವಳ ಕಾಲಿಗೆ ಹೊಯ್ದು, ಸೊಂಟ ತಿಕ್ಕಿ, ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ಒದೆತ ನೋಡಿ ಮಲಗಿದರೆ ಆ ರಾತ್ರಿಗೆ ಅಷ್ಟು ಸಾಕು.

• ಅತ್ತೆಯಂದಿರಿಗೂ ಒಂದು ಮಾತಿದೆ. ಒಂದೇ ಕೋಣೆಯ ಲೈನ್ ಮನೆ, ಅದರಲ್ಲಿ ಮಾವ, ಮೈದುನ, ದೊಡ್ಡ ಮಗು. ಅಂಥಲ್ಲಿ ಸೊಸೆ ಬಸುರಿಯಾದ ದಿನದಿಂದ ಅವಳನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುವುದು ಕಾಳಜಿಯಿಂದಲೇ ಇರಬಹುದು. ಆದರೂ ಗಂಡ-ಹೆಂಡಿರು ಒಂದು ಮಾತು ಆಡುವುದಕ್ಕಾದರೂ ಬಾಗಿಲು ಮುಚ್ಚಿಕೊಳ್ಳಲಿ. ಭಾನುವಾರ ಸಂತೆಗೆ ಹೊರಡುವಾಗ ದೊಡ್ಡ ಮಗುವನ್ನೂ ಕರೆದುಕೊಂಡು ಹೋಗಿ. ಗಂಡ-ಹೆಂಡಿರ ವಿಷಯವನ್ನು ಹೀಗೆ ಬಿಚ್ಚಿ ಹೇಳುವುದು ನಮ್ಮ ಭಾಷೆಗೆ ಹೊಸದೇನಲ್ಲ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಡಾಕ್ಟರ್ ಅನುಪಮಾ ನಿರಂಜನ ಎಷ್ಟೋ ಹಿಂದೆಯೇ "ದಾಂಪತ್ಯ ದೀಪಿಕೆ", "ತಾಯಿ-ಮಗು" ಬರೆದಿಟ್ಟು ಹೋಗಿದ್ದಾರೆ.

• ಸೇರಿದ ಮೇಲೆ ಹೊಟ್ಟೆ ಸ್ವಲ್ಪ ಹೊತ್ತು ಗಟ್ಟಿಯಾಗಿ ಸಡಿಲವಾದರೆ ಗಾಬರಿ ಬೇಡ. ಬಟ್ಟೆಗೆ ಒಂದೆರಡು ಹನಿ ರಕ್ತ ಕಂಡರೆ ಕೂಡುವುದು ನಿಲ್ಲಿಸಿ, ಮಾರನೇ ದಿನವೇ ನರ್ಸಿಗೋ ಡಾಕ್ಟರಿಗೋ ಹೇಳಿ. ರಕ್ತದ ಗುಂಪು ನೆಗೆಟಿವ್ ಇದ್ದವರು ಅದನ್ನೂ ಹೇಳಿ, 72 ಗಂಟೆಯೊಳಗೆ ಇಂಜೆಕ್ಷನ್ ಬೇಕಾಗಬಹುದು. ರಕ್ತ ಜಾಸ್ತಿ ಹೋದರೆ, ನೀರು ಸುರಿದರೆ, ನೋವು ಬಿಟ್ಟು ಬಿಟ್ಟು ಬರತೊಡಗಿದರೆ, ಮಗುವಿನ ಆಟ ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯುವಂತಿಲ್ಲ. ಭದ್ರೆ ಏರಿ ಹೆಬ್ಬಾಳೆ ಸೇತುವೆ ಮುಳುಗಿದ ಮಳೆಗಾಲಗಳನ್ನು, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದದ್ದನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. 108 ಇದೆ, ಆದರೆ ನೆಟ್‌ವರ್ಕ್ ಸಿಗುವ ದಿಬ್ಬ ಯಾವುದು, ರಾತ್ರಿ ಯಾರ ಜೀಪು ಬರುತ್ತೆ, ತೋಟದ ರೈಟರ ನಂಬರು ಯಾವುದು ಅನ್ನುವುದು ಮೊದಲೇ ಗೋಡೆಯ ಮೇಲೆ ಬರೆದಿರಲಿ.

• ಏಳನೇ ತಿಂಗಳಿಗೆ ಮಡಿಲು ತುಂಬಿ ತವರಿಗೆ ಕಳಿಸಿದ ಮೇಲೆ ಗಂಡ ತಿಂಗಳುಗಟ್ಟಲೆ ಒಬ್ಬನೇ. ಆ ದಿನಗಳಲ್ಲಿ ಹೊರಗೆ ಕಾಲಿಟ್ಟವನಿಗೆ ಒಂದು ಮಾತು ತಿಳಿದಿರಲಿ: ಎಚ್‌ಐವಿಯಾಗಲಿ ಸಿಫಿಲಿಸ್ ಆಗಲಿ ಬಸಿರಿನಲ್ಲಿ ಹೊಸದಾಗಿ ತಗುಲಿದರೆ ಮಗುವಿಗೆ ದಾಟುವ ಅಪಾಯ ಇನ್ನೂ ಹೆಚ್ಚು. ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಹೆಸರು ಹೊರಗೆ ಹೋಗುವುದಿಲ್ಲ. ಸೋಂಕಿಲ್ಲ ಅಂತ ಡಾಕ್ಟರು ಖಚಿತವಾಗಿ ಹೇಳುವವರೆಗೆ ನಿರೋಧ್ ಇಲ್ಲದೆ ಹೆಂಡತಿಯನ್ನು ಸೇರಬಾರದು.

• "ದಿನ ಕಳೀತು, ನೋವು ಬರಲಿಲ್ಲ, ಕೂಡಿ ನೋಡಿ" ಅನ್ನುವ ಸಲಹೆಗೆ ಗಟ್ಟಿ ಆಧಾರವಿಲ್ಲ. ದಿನ ಕಳೆದರೆ ಆಸ್ಪತ್ರೆಗೆ ಹೋಗಿ.

• ಹೆರಿಗೆಯಾದ ಮೇಲೆ ಸುಮಾರು ಆರು ವಾರ ಬಿಡುವು ಕೊಡಿ. ರಕ್ತ ನಿಂತಿರಬೇಕು, ಹೊಲಿಗೆ ಮಾಗಿರಬೇಕು. ಹಾಲೂಡಿಸುವ ಕಾಲದಲ್ಲಿ ಒಳಗೆ ಒಣಗಿದಂತಾಗಿ ಉರಿಯುವುದು ಮಾಮೂಲು. ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ, ಆದರೆ ಎಣ್ಣೆ ತಾಗಿದ ನಿರೋಧ್ ಹರಿದುಹೋಗುತ್ತೆ. ಮೆಡಿಕಲ್ ಶಾಪಿನಲ್ಲಿ ನೀರಿನಂಶದ ಜೆಲ್ ಕೇಳಿ. ಮುಟ್ಟು ಬರುವ ಮೊದಲೇ ಮತ್ತೆ ಬಸಿರು ನಿಲ್ಲಬಹುದು. ಕಾಪರ್-ಟಿ ಬೇಕಿದ್ದರೆ ಹೆರಿಗೆಯಾದ 48 ಗಂಟೆಯೊಳಗೆ ಆಸ್ಪತ್ರೆಯಲ್ಲೇ ಹಾಕುತ್ತಾರೆ, ಆ ಹೊತ್ತು ತಪ್ಪಿದರೆ ಆರು ವಾರ ಕಾಯಬೇಕು. ಹಾಲೂಡಿಸುವವರಿಗೆ "ಅಂತರ" ಇಂಜೆಕ್ಷನ್ ಆರು ವಾರದ ನಂತರ, ಮೂರು ತಿಂಗಳಿಗೊಂದು. ಹಾಲಿಗೆ ತೊಂದರೆ ಮಾಡದ "ಛಾಯಾ" ಮಾತ್ರೆಯೂ ಇದೆ. ಯಾವುದು ಬೇಕು ಅಂತ ತವರಿಗೆ ಹೊರಡುವ ಮೊದಲೇ ಇಬ್ಬರೂ ಕೂತು ಮಾತಾಡಿ, ತಾಯಿ ಕಾರ್ಡಿನ ಮೇಲೆ ಬರೆಸಿಬಿಡಿ. ಹೆರಿಗೆ ಕೋಣೆಯಲ್ಲಿ ಕೇಳಿದಾಗ ಉತ್ತರ ಕೊಡುವುದು ಆಗ ಅತ್ತೆಯ ಪಾಲಿಗೆ ಬರುವುದಿಲ್ಲ.