ದ್ರಾಕ್ಷಿ ಚಪ್ಪರದಲ್ಲಿ ನೆರಳು–ಬಿಸಿಲಿನ ಹದ

ಅಕ್ಟೋಬರ್ ಚಾಟನಿಯ ನಂತರ ಬಳ್ಳಿಗಳು ಸೊಂಪಾಗಿ ಚಿಗುರಿದರೂ ಗೊಂಚಲುಗಳು ವಿರಳವಾಗಿರುವುದು ಅನೇಕ ತೋಟಗಳಲ್ಲಿ ಕಂಡುಬರುವ ಸಮಸ್ಯೆ. ಗೊಬ್ಬರ ಸಾಲದೆಂದು ಭಾವಿಸಿ ಇನ್ನಷ್ಟು ಸಾರಜನಕ ಕೊಡುವವರುಂಟು. ಆದರೆ ಇದಕ್ಕೆ ಮೇ–ಜೂನ್ ತಿಂಗಳುಗಳಲ್ಲಿ ಚಪ್ಪರದ ಮೇಲಿದ್ದ ದಟ್ಟ ನೆರಳೂ ಒಂದು ಮುಖ್ಯ ಕಾರಣವೆಂಬುದನ್ನು ರೈತರು ಗಮನಿಸಬೇಕು.

ಎಲೆ ಮತ್ತು ಬೆಳಕು

ಬಿಸಿಲಿಗೆ ಒಡ್ಡಿದ ದ್ರಾಕ್ಷಿ ಎಲೆಯು ಆಹಾರ ತಯಾರಿಕೆಗೆ ಬೇಕಾದ ಬೆಳಕಿನ ಬಹುಪಾಲನ್ನು ತಾನೇ ಹೀರಿಕೊಳ್ಳುತ್ತದೆ. ಅದರ ಕೆಳಗಿನ ಎಲೆಗೆ ಸುಮಾರು ಶೇ. 10ರಷ್ಟು, ಮೂರನೆಯ ಪದರಕ್ಕೆ ಶೇ. 1ರಷ್ಟು ಬೆಳಕು ಮಾತ್ರ ಉಳಿಯುತ್ತದೆ. ಇಂತಹ ಒಳ ಎಲೆಗಳು ಬಳ್ಳಿಗೆ ನೆರವಾಗದೆ ಹಳದಿಯಾಗಿ ಉದುರುತ್ತವೆ.

ಫಲಮೊಗ್ಗಿನ ಮೇಲೆ ಪರಿಣಾಮ

ಏಪ್ರಿಲ್ ಚಾಟನಿಯಾದ ಸುಮಾರು 40ರಿಂದ 70 ದಿನಗಳಲ್ಲಿ ಕಡ್ಡಿಯ ಕಣ್ಣುಗಳೊಳಗೆ ಮುಂದಿನ ಗೊಂಚಲಿನ ಮೂಲರೂಪ ಏರ್ಪಡುತ್ತದೆ. ಆಗ ಬೆಳಕು ಸಾಲದಿದ್ದರೆ ಗೊಂಚಲಾಗಬೇಕಾದುದು ಬಳ್ಳಿಯ ಕುಡಿಯಾಗಿ ಹೋಗುತ್ತದೆ. ಈ ನಷ್ಟವನ್ನು ಅಕ್ಟೋಬರಿನಲ್ಲಿ ಯಾವ ಗೊಬ್ಬರದಿಂದಲೂ ತುಂಬಲಾಗದು. 1960ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ನೆಲ್ಸನ್ ಶೌಲಿಸ್ ಅವರು ಕಾನ್‌ಕಾರ್ಡ್ ತಳಿಯ ದಟ್ಟ ಬಳ್ಳಿಗಳನ್ನು ಎರಡು ಪರದೆಗಳಾಗಿ ಬಿಡಿಸಿ ಹಬ್ಬಿಸಿದಾಗ ಇಳುವರಿಯೂ ಸಕ್ಕರೆ ಅಂಶವೂ ಹೆಚ್ಚಿದವು.

ಹಣ್ಣಿನ ಗುಣ

ಗಾಢ ನೆರಳಿನ ಹಣ್ಣಿನಲ್ಲಿ ಸಕ್ಕರೆ ಕಡಿಮೆ, ಹುಳಿ ಹೆಚ್ಚು. ಬೆಂಗಳೂರು ನೀಲಿಯಂತಹ ತಳಿಗಳಲ್ಲಿ ಬಣ್ಣವೂ ಸರಿಯಾಗಿ ಏರದು. ಗಾಳಿಯಾಡದ ಕಡೆ ಬೂದಿ ರೋಗ ಬೇಗ ಹರಡುತ್ತದೆ. ಔಷಧಿಯೂ ಒಳಗೆ ತಲುಪುವುದಿಲ್ಲ.

ಹಾಗೆಂದು ಗೊಂಚಲನ್ನು ಬೋಳಾಗಿಸುವುದೂ ತರವಲ್ಲ. ಫೆಬ್ರವರಿ–ಮಾರ್ಚ್ ತಿಂಗಳ ನೇರ ಬಿಸಿಲಿನಲ್ಲಿ ಹಣ್ಣು ಸುತ್ತಲಿನ ಗಾಳಿಗಿಂತ ಹೆಚ್ಚು ಕಾಯ್ದು ಕಂದುತ್ತದೆ, ಸುಕ್ಕುಗಟ್ಟುತ್ತದೆ. ಥಾಮ್ಸನ್ ಸೀಡ್‌ಲೆಸ್ ತನ್ನ ಹಸಿರು ಛಾಯೆ ಕಳೆದುಕೊಂಡು ಕಂದು ಹಳದಿಗೆ ತಿರುಗುತ್ತದೆ. ಮಿತಿಮೀರಿದ ಶಾಖದಲ್ಲಿ ನೀಲಿ ತಳಿಗಳ ಬಣ್ಣವೂ ಕುಂದುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಏಪ್ರಿಲ್ ಚಾಟನಿಯ ನಂತರ ಹೆಚ್ಚುವರಿ ಹಾಗೂ ದುರ್ಬಲ ಚಿಗುರುಗಳನ್ನು ಎಳೆಯದರಲ್ಲೇ ಮುರಿದು, ಸುಮಾರು 2 ಚದರ ಅಡಿ ಚಪ್ಪರಕ್ಕೆ ಒಂದು ಕಡ್ಡಿಯಂತೆ ಉಳಿಸಿ.

2. ಉಳಿದ ಕಡ್ಡಿಗಳನ್ನು ಒಂದರ ಮೇಲೊಂದು ಬೀಳದಂತೆ ತಂತಿಯ ಮೇಲೆ ಹರಡಿ ಕಟ್ಟಿ.

3. ಫಲಮೊಗ್ಗು ಕಟ್ಟುವ ಕಾಲದಲ್ಲಿ ಸಾರಜನಕ ಮತ್ತು ನೀರನ್ನು ಮಿತಗೊಳಿಸಿ.

4. ಕಾಯಿ ಕಚ್ಚಿದ ಕೂಡಲೇ ಗೊಂಚಲಿಗೆ ಉಜ್ಜುವ ಬುಡದ 2–3 ಎಲೆಗಳನ್ನು ಮಾತ್ರ ತೆಗೆಯಿರಿ. ಮೇಲ್ಭಾಗದ ಎಲೆಗಳನ್ನು ಕೊಡೆಯಂತೆ ಉಳಿಸಿ. ಹಣ್ಣು ಮಾಗುವಾಗ ಒಮ್ಮೆಲೇ ಎಲೆ ಕೀಳಬೇಡಿ.

ಮಧ್ಯಾಹ್ನ ಚಪ್ಪರದ ಕೆಳಗೆ ನಿಂತು ನೆಲವನ್ನು ನೋಡಿ. ಬಿಸಿಲಿನ ಚುಕ್ಕೆಗಳು ಅಲ್ಲಲ್ಲಿ ಆಡುತ್ತಿದ್ದರೆ ಹದ ಸರಿಯಿದೆ. ನೆಲ ಪೂರ್ತಿ ಕತ್ತಲಾಗಿದ್ದರೆ ಚಿಗುರು ತೆಗೆಯುವ ಕೆಲಸ ಬಾಕಿಯಿದೆಯೆಂದು ತಿಳಿಯಿರಿ. ಈ ಪರೀಕ್ಷೆಗೆ ಖರ್ಚಿಲ್ಲ. ಮೇ ತಿಂಗಳಿನಲ್ಲಿ ವಾರಕ್ಕೊಮ್ಮೆ ಮಾಡುವುದು ಲಾಭದಾಯಕ.