ಪಾಠ: ಮತ್ತೆ ಸೈಕಲ್ ತುಳಿಯೋಣ

ಹಿಂದೆ ನಮ್ಮ ಕಡೆ ಹೊಲಕ್ಕೆ ಸೈಕಲ್. ಎಮ್ಮಿಗನೂರಿಗೆ ಹೋಗಲೂ ಸೈಕಲ್. ಆಮೇಲೆ ಆಟೋ, ಮೋಟಾರ್ ಸೈಕಲ್ ಬಂದವು. ಸೈಕಲ್ ಗೋಡೆಗೆ ಒರಗಿತು. ಅದನ್ನು ತುಳಿದವರಿಗೂ ವಯಸ್ಸಾಯಿತು. ಕೆಲವರಿಗೆ ಬಿ.ಪಿ. ಬಂತು. ಕೆಲವರಿಗೆ ಸಕ್ಕರೆ ಕಾಯಿಲೆ. ಕೆಲವರಿಗೆ ಮೊಣಕಾಲು ನೋವು. ಈ ವಯಸ್ಸಿನಲ್ಲಿ ಮತ್ತೆ ಸೈಕಲ್ ಹತ್ತಬಹುದೇ?

ನಂದವರಂ ಕಡೆಯ ಒಂದು ಕಲಿಕಾ ಕೇಂದ್ರ. ಪಾಠ ಮುಗಿದಿದೆ. ಮಾತುಕತೆ ನಡೆದಿದೆ. ಓದಿ.

ತಾತ: ತಾಯೀ, ಡಾಕ್ಟರು ದಿನಾ ವ್ಯಾಯಾಮ ಮಾಡು ಅಂದಾರ. ನಡೆದ್ರೆ ಮೊಣಕಾಲು ನೋಯ್ತೈತೆ. ಏನು ಮಾಡ್ಲಿ?

ಪ್ರೇರಕಿ: ಸೈಕಲ್ ತುಳೀರಿ ತಾತ. ನಡೆಯುವಾಗ ಮೈಭಾರ ಕಾಲ ಮೇಲೆ ಬೀಳ್ತದೆ. ಸೈಕಲ್ ಮೇಲೆ ಕೂತರೆ ಹೆಚ್ಚಿನ ಭಾರ ಸೀಟು ಹೊರ್ತದೆ. ಮೊಣಕಾಲಿಗೆ ಪೆಟ್ಟು ಕಡಿಮೆ.

ತಾತ: ಸೈಕಲ್ ಬಿಟ್ಟು ಇಪ್ಪತ್ತು ವರ್ಷ ಆತು. ನನಗ ಅರವತ್ತೆರಡು. ಜನ ನಗಲ್ಲೇನು?

ಪ್ರೇರಕಿ: ಫ್ರಾನ್ಸ್ ದೇಶದಲ್ಲಿ ರಾಬರ್ಟ್ ಮಾರ್ಷಾಂ ಅಂತ ಒಬ್ಬರಿದ್ದರು. 1911ರಲ್ಲಿ ಹುಟ್ಟಿದವರು. ಹುಡುಗರಿದ್ದಾಗ ಸೈಕಲ್ ತುಳಿದರು. ಆಮೇಲೆ ಬಿಟ್ಟರು. ಎಪ್ಪತ್ತರ ಹತ್ತಿರ ಬಂದಾಗ ಮತ್ತೆ ಶುರು ಮಾಡಿದರು. 2017ರಲ್ಲಿ ಅವರಿಗೆ 105 ವರ್ಷ. ಆಗ ಒಂದು ಗಂಟೆಯಲ್ಲಿ 22 ಕಿಲೋಮೀಟರಿಗೂ ಹೆಚ್ಚು ತುಳಿದರು!

ತಾತ: ನೂರಾ ಐದಾ! ಹಂಗಾದ್ರೆ ನಾನಿನ್ನೂ ಹುಡುಗ!

ಅಜ್ಜಿ: ನಾವು ಹೆಂಗಸ್ರು ತುಳಿದ್ರೆ ಏನಂತಾರವ್ವ?

ಪ್ರೇರಕಿ: ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಮೊದಲಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಲ್ಲಿ ಅಕ್ಷರದ ಜೊತೆಗೆ ಸಾವಿರಾರು ಹೆಂಗಸರು ಸೈಕಲ್ಲೂ ಕಲಿತರು. ಮೊದಮೊದಲು ನಕ್ಕವರೂ ಇದ್ದರು. ಹೆಂಗಸರು ಬಿಡಲಿಲ್ಲ. ನೀವೂ ಬಿಡಬೇಡಿ ಅಜ್ಜಿ.

ಹತ್ತುವ ಮೊದಲು

ಮೊದಲು ಆಸ್ಪತ್ರೆಗೆ ಹೋಗಿ. ಬಿ.ಪಿ., ಸಕ್ಕರೆ ನೋಡಿಸಿ. ಎದೆನೋವು, ತಲೆಸುತ್ತು ಇದ್ದರೆ ಡಾಕ್ಟರಿಗೆ ಹೇಳಿ. ಸೈಕಲ್ ತುಳಿಯುತ್ತೇನೆ ಎಂದು ಮಾತ್ರೆ ಬಿಡಬೇಡಿ.

ಆಮೇಲೆ ಸೈಕಲ್ ನೋಡಿ. ಹಳೆಯ ಟೈರು, ಟ್ಯೂಬು ಬದಲಿಸಿ. ಎರಡೂ ಬ್ರೇಕು ಹಿಡಿಯಬೇಕು. ಚೈನಿಗೆ ಎಣ್ಣೆ ಬಿಡಿ. ಕಾಲು ಎತ್ತಲು ಕಷ್ಟವೇ? ನಡುವೆ ಅಡ್ಡ ಕಂಬಿ ಇಲ್ಲದ ಸೈಕಲ್ ಒಳ್ಳೆಯದು. ಪಂಚೆ, ಸೀರೆಯ ಸೆರಗು ಚೈನಿಗೆ ಸಿಕ್ಕದಂತೆ ಕಟ್ಟಿಕೊಳ್ಳಿ.

ಶುರು ಮಾಡುವುದು ಹೇಗೆ?

ಮೊದಲು ರಸ್ತೆಗೆ ಬರಬೇಡಿ. ಬಯಲಿನಲ್ಲಿ ಅಭ್ಯಾಸ ಮಾಡಿ. ಜೊತೆಗೆ ಒಬ್ಬರು ಇರಲಿ. ಕೂತಾಗ ಕಾಲು ನೆಲಕ್ಕೆ ಸಿಗುವಂತೆ ಸೀಟು ಇಳಿಸಿ. ರೂಢಿಯಾದ ಮೇಲೆ ಸೀಟನ್ನು ಸ್ವಲ್ಪ ಏರಿಸಿ. ಸೀಟು ಯಾವಾಗಲೂ ತಗ್ಗಾಗಿದ್ದರೆ ಮೊಣಕಾಲು ನೋಯುತ್ತದೆ. ಮುಂದಿನ ಬ್ರೇಕು ಒಂದನ್ನೇ ಗಟ್ಟಿಯಾಗಿ ಹಿಡಿದರೆ ಮುಂದಕ್ಕೆ ಬೀಳುತ್ತೀರಿ. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಹಿಡಿಯಿರಿ.

ರಸ್ತೆಗೆ ಬಂದಾಗ ಎಡಗಡೆಯೇ ಹೋಗಿ. ಲಾರಿ ಓಡಾಡುವ ದಾರಿ ಬಿಡಿ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆದ್ದರಿಂದ ಬೆಳಿಗ್ಗೆ ತುಳಿಯಿರಿ. ನೀರು ಒಯ್ಯಿರಿ. ಮಳೆಯಾದರೆ ಎರೆಮಣ್ಣಿನ ದಾರಿಗೆ ಇಳಿಯಬೇಡಿ. ಮಣ್ಣು ಮಡ್‌ಗಾರ್ಡಿಗೆ ಮೆತ್ತಿ ಚಕ್ರ ನಿಲ್ಲುತ್ತದೆ.

ಎಷ್ಟು ಜೋರಾಗಿ ತುಳಿಯಬೇಕು? ತುಳಿಯುವಾಗ ಮಾತಾಡಲು ಆಗಬೇಕು. ಹಾಡಲು ಆಗಬಾರದು. ಇದೇ ಅಳತೆ.

ಯಾವಾಗ ನಿಲ್ಲಿಸಬೇಕು?

ಎದೆ ನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ತಕ್ಷಣ ಇಳಿದು ಕುಳಿತುಕೊಳ್ಳಿ. ಎದೆ ನೋವಾದರೆ 108ಕ್ಕೆ ಫೋನ್ ಮಾಡಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇಟ್ಟುಕೊಳ್ಳಿ. ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ನಿಂತು ಅದನ್ನು ತಿನ್ನಿ.

ಲೆಕ್ಕ ಮಾಡೋಣ

ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಸಲ ಅಷ್ಟು ಬೇಡ. ವಾರಕ್ಕೆ ಐದು ದಿನ ತುಳಿಯಿರಿ.

1, 2ನೇ ವಾರ: ದಿನಕ್ಕೆ 10 ನಿಮಿಷ. 10 × 5 = 50
3, 4ನೇ ವಾರ: ದಿನಕ್ಕೆ 20 ನಿಮಿಷ. 20 × 5 = 100
5ನೇ ವಾರದಿಂದ: ದಿನಕ್ಕೆ 30 ನಿಮಿಷ. 30 × 5 = ______

ದಣಿವಾದರೆ ಹಿಂದಿನ ವಾರದ ಲೆಕ್ಕದಲ್ಲೇ ಇರಿ. ಅವಸರ ಬೇಡ. ಮೂಳೆ ಗಟ್ಟಿಯಾಗಲು ಸೈಕಲ್ ಒಂದೇ ಸಾಲದು. ಆದಷ್ಟು ನಡೆಯುವುದನ್ನೂ ಬಿಡಬೇಡಿ.

ಅಭ್ಯಾಸ

1. ಸೈಕಲ್ ತುಳಿದರೆ ಮೊಣಕಾಲಿಗೆ ಪೆಟ್ಟು ಕಡಿಮೆ. ಏಕೆ?
2. ಎರಡು ಬ್ರೇಕನ್ನೂ ಒಟ್ಟಿಗೆ ಏಕೆ ಹಿಡಿಯಬೇಕು?
3. ಬಿಟ್ಟ ಜಾಗ ತುಂಬಿ: ಎದೆ ನೋವಾದರೆ ______ಕ್ಕೆ ಫೋನ್ ಮಾಡಿಸಬೇಕು.
4. ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆಯಿರಿ. ಒಂದು ಕಡೆ ವಾರದ ಹೆಸರು, ಇನ್ನೊಂದು ಕಡೆ ತುಳಿದ ನಿಮಿಷ ಬರೆಯಿರಿ. ಭಾನುವಾರ ಕೂಡಿಸಿ. ಆಸ್ಪತ್ರೆಗೆ ಹೋದಾಗ ಆ ಪುಟವನ್ನು ಡಾಕ್ಟರಿಗೆ ತೋರಿಸಿ.